ತಿರುಗುವ ಕೆಲಸ

ಲಂಗದ ತೂಕ ಹನ್ನೊಂದು ಕಿಲೋ, ಬ್ಯಾಟರಿ ಬೇರೆ.
ಕೊಳ್ಳಲು ಬಂದ ನೇಪಾಳಿ ಹುಡುಗ ಎತ್ತಿ ನೋಡಿ
‘ಭಯ್ಯಾ, ಇದನ್ನುಟ್ಟು ಊಟ ಹೇಗೆ ಇಳಿಯುತ್ತದೆ?’ ಎಂದ.
‘ಮೊದಲು ಕುಣಿ, ಆಮೇಲೆ ಉಣ್ಣು’ ಅಂದೆ.
ಮುನ್ನೂರು ದಿರ್ಹಮ್ ಹೇಳಿದ್ದೆ. ಇನ್ನೂರಕ್ಕೆ ಕೇಳಿದ.
ಮುನ್ನೂರೇ ಕೊಡಲು ಬಂದಾಗ
ಯಾಕೋ ಕೊಡಲಿಲ್ಲ.

ರಾಣೆಬೆನ್ನೂರಿನಲ್ಲಿ ಅಪ್ಪನದೊಂದು ಲೇತು.
ಕಬ್ಬಿಣ ಗಿರಗಿರ ತಿರುಗುತ್ತಿತ್ತು, ಅಪ್ಪ ಕದಲುತ್ತಿರಲಿಲ್ಲ.
ನಾನು ಗಣಪತಿ ಪೆಂಡಾಲಿನ ರೆಕಾರ್ಡ್ ಡ್ಯಾನ್ಸಿನವ,
ಆರ್ಕೆಸ್ಟ್ರಾದ ಹಿಂದಿನ ಸಾಲಿನಲ್ಲಿ ಎಡದಿಂದ ಮೂರನೆಯವ,
ಆಮೇಲೆ ದೇರಾದ ಹೋಟೆಲೊಂದರ ನೆಲಮಾಳಿಗೆ,
ಹೊಗೆ ಬಿಡುವ ಯಂತ್ರ, ಹೊಗೆ ಬಿಡುವ ಗಿರಾಕಿ,
ಅದೂ ಮುಚ್ಚಿದ ಮೇಲೆ ಮರಳುಗಾಡಿನ ಕ್ಯಾಂಪು.

ತನೂರಾ ಕಲಿಸಿದವನು ಹಮ್ದಿ, ನೈಲ್ ನದಿಯ ಕಡೆಯವ.
ಮೂರು ದಿನ ವಾಂತಿ ಮಾಡಿಕೊಂಡೆ.
ನಾಲ್ಕನೆಯ ದಿನ ನನ್ನ ಎಡಗೈ ಹಿಡಿದು ಮುಖದ ಮುಂದಿಟ್ಟ:
‘ಜನರನ್ನು ನೋಡಬೇಡ, ದೀಪ ನೋಡಬೇಡ,
ಈ ಅಂಗೈ ನೋಡು.
ಎಲ್ಲ ತಿರುಗಿದರೂ ನಿನಗೆ ಇದೊಂದು ತಿರುಗುವುದಿಲ್ಲ.’
ಹನ್ನೊಂದು ವರ್ಷ ನೋಡಿದೆ.
ಕಬಾಬಿನ ವಾಸನೆ, ರಷ್ಯನ್ನರ ಫೋನುಗಳ ಬೆಳಕು,
ಇಪ್ಪತ್ತೆರಡು ನಿಮಿಷ, ಎಡಕ್ಕೆ, ಎಡಕ್ಕೆ.
ನನ್ನ ಆಯುಷ್ಯರೇಖೆಯ ಹತ್ತಿರ ಒಂದು ಮಚ್ಚೆ ಇದೆ;
ಪ್ರೇಕ್ಷಕರ ಮುಖಕ್ಕಿಂತ ಅದೇ ಹೆಚ್ಚು ಪರಿಚಯ.

ಶುಕ್ರವಾರ ಅಪ್ಪನ ಫೋನು:
‘ಏನಪಾ ಮೌನೇಶ, ಇನ್ನೂ ತಿರಗಾಕತ್ತೀಯೇನು?’
‘ಹೂಂನಪಾ.’
‘ಅದರಿಂದ ಏನರ ತಯಾರಾಕ್ಕೈತೇನು?’

ಮಾರ್ಚಿನಲ್ಲಿ ಅಂಬುಜಾ ಔಷಧದಂಗಡಿಯ ರಾತ್ರಿ ಪಾಳಿ ಮುಗಿಸಿ ಬಂದು
ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು
ಎರಡು ಗೆರೆಯ ಕಡ್ಡಿ ತೋರಿಸಿದಳು.
ಅವತ್ತೇ ಲೆಕ್ಕ ಶುರು: ವೀಸಾ, ವಿಮೆ, ಆಸ್ಪತ್ರೆ,
ಎರಡು ಕೋಣೆಯ ಮನೆಯ ಬಾಡಿಗೆ, ನಾಲ್ಕು ಚೆಕ್ಕುಗಳಲ್ಲಿ.
ಕ್ಯಾಂಪಿನವರು ವಿಮೆ ಕೊಡುವುದಿಲ್ಲ;
ಮಳೆ ಬಂದರೆ ಸಂಬಳವನ್ನೂ ಕೊಡುವುದಿಲ್ಲ.
ಶಾರ್ಜಾದ ಶಾಲೆಯೊಂದಕ್ಕೆ ಬಸ್ ಚಾಲಕರು ಬೇಕಿತ್ತು.

ಮೂರು ಸಲ ಫೇಲಾದೆ. ಮೂರೂ ಸಲ ರೌಂಡ್‌ಅಬೌಟ್‌ನಲ್ಲಿ.
ಅಲ್ಲೂ ಎಡಕ್ಕೇ ಸುತ್ತಬೇಕು, ಸುತ್ತುವುದೇನೋ ಸಲೀಸು,
ಹೊರಗೆ ಹೋಗುವ ದಾರಿ ಬಂದಾಗ ಮಾತ್ರ
ಕೈ ಒಪ್ಪುತ್ತಿರಲಿಲ್ಲ.
ಪೇಶಾವರದ ಪರೀಕ್ಷಕ ಎರಡನೆಯ ಸುತ್ತಿನಲ್ಲಿ ತಸ್ಬೀಹ್ ತೆಗೆದ.
‘ಯಾರ್, ಇಲ್ಲೇ ಮನೆ ಮಾಡಿದ್ದೀಯಾ?’

ನಾಲ್ಕನೆಯ ಸಲ ಪಾಸಾದ ಸಂಜೆಯೇ ಸ್ಕ್ಯಾನಿಂಗ್.
ಡಾಕ್ಟರಮ್ಮ ತೆರೆಯ ಮೇಲೆ ಬೆರಳಿಟ್ಟರು:
ತಲೆ ಇಲ್ಲಿ, ಪಕ್ಕೆಲುಬಿನ ಕೆಳಗೆ. ಪಾದ ಕೆಳಗಡೆ.
‘ಮಗು ಇನ್ನೂ ತಿರುಗಿಲ್ಲ. ಕಾಯೋಣ, ಮೂರು ವಾರ ಇದೆ.
ತಿರುಗದಿದ್ದರೆ ಆಪರೇಷನ್.’
ಅಂಬುಜಾ ನನ್ನ ಕಡೆ ನೋಡಿ ನಗಲು ಶುರುಮಾಡಿದಳು,
ಹೊಟ್ಟೆಯ ಮೇಲಿನ ಜೆಲ್ ಕುಲುಕುವಷ್ಟು ನಕ್ಕಳು.
ನರ್ಸಿಗೆ ಏನೂ ಅರ್ಥವಾಗಲಿಲ್ಲ.

ಮನೆಗೆ ಬಂದು ಲಂಗ ಉಟ್ಟೆ, ಅವಳೇ ಹೇಳಿದ್ದು.
ಸೋಫಾ ಸರಿಸಿದೆವು, ಫ್ರಿಜ್ ಸರಿಯಲಿಲ್ಲ.
ನಾಲ್ಕೇ ಸುತ್ತು: ಕ್ಯಾಲೆಂಡರ್ ಹಾರಿತು,
ಹಸಿರು ದೀಪ ಎರಡು ಮಿಣುಕಿ ಸತ್ತವು,
ಕೆಳಗಿನ ಮನೆಯವರು ಸೂರು ಕುಟ್ಟಿದರು.
‘ಹೀಗೆ ಮರಿ, ಹೀಗೆ’ ಅನ್ನುತ್ತಿದ್ದಳು ಅವಳು,
ಹೊಟ್ಟೆ ಹಿಡಿದುಕೊಂಡು, ಕುರ್ಚಿಯಲ್ಲಿ.
ನನಗೆ ತಲೆ ಸುತ್ತಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ.
ಅಂಗೈ ಬಿಟ್ಟು ಅವಳನ್ನೇ ನೋಡುತ್ತಿದ್ದೆ, ಅದಕ್ಕೆ.

ಈಗ ರಾತ್ರಿ ಎರಡೂವರೆ. ಐದಕ್ಕೆ ಬಸ್ಸು ತೆಗೆಯಬೇಕು,
ಐವತ್ತೆರಡು ಮಕ್ಕಳು, ಏಳು ರೌಂಡ್‌ಅಬೌಟು.
ಎ.ಸಿ. ಒಂದೇ ಸಮ ಗುನುಗುತ್ತಿದೆ.
ಅವಳ ನಿದ್ದೆಯ ಮೇಲೆ ಎಡಗೈ ಇಟ್ಟುಕೊಂಡು ಕೂತಿದ್ದೇನೆ.
ಮಚ್ಚೆಯಿರುವ ಜಾಗಕ್ಕೆ ಸರಿಯಾಗಿ ಒಳಗಿನಿಂದ
ಏನೋ ಗಟ್ಟಿಯಾಗಿ ಒತ್ತಿತು, ಜಾರಿತು, ಮತ್ತೆ ಒತ್ತಿತು.
ಹಿಮ್ಮಡಿಯೋ, ತಲೆಯೋ.
ಕತ್ತಲೆಯಲ್ಲಿ ಗೊತ್ತಾಗಲಿಲ್ಲ.